ಬಾಟಲಿಗೆ ಬೆಲೆ, ಚಿಪ್ಸ್ ಪೊಟ್ಟಣಕ್ಕೆ ಇಲ್ಲ: ಮನೆಯ ಒಣ ಕಸದ ಲೆಕ್ಕ

2025ರ ಏಪ್ರಿಲ್‌ನಿಂದ ಬೆಂಗಳೂರಿನ ಮನೆ ಮಾಲೀಕರು ಆಸ್ತಿ ತೆರಿಗೆಯ ಜೊತೆಗೆ ಕಸದ ಬಳಕೆದಾರರ ಶುಲ್ಕವನ್ನೂ ಕಟ್ಟುತ್ತಿದ್ದಾರೆ. ಕಟ್ಟಡದ ಅಳತೆಗೆ ತಕ್ಕಂತೆ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿಯವರೆಗೆ. ದುಡ್ಡು ಕೊಡತೊಡಗಿದ ಮೇಲೆ ಪ್ರಶ್ನೆಗಳೂ ಹುಟ್ಟುತ್ತವೆ. ನಾವು ಬೇರ್ಪಡಿಸಿ ಕೊಟ್ಟದ್ದು ಎಲ್ಲಿಗೆ ಹೋಗುತ್ತದೆ? ಅದು ನಿಜವಾಗಿಯೂ ಹೊಸ ವಸ್ತುವಾಗುತ್ತದೆಯೇ? ಗುಜರಿಯವರು ನೀರಿನ ಬಾಟಲಿಯನ್ನು ಕಾಸು ಕೊಟ್ಟು ಒಯ್ಯುತ್ತಾರೆ, ಚಿಪ್ಸ್ ಪೊಟ್ಟಣವನ್ನು ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ. ಎರಡೂ ಪ್ಲಾಸ್ಟಿಕ್ ತಾನೆ?

ಈ ಕೊನೆಯ ಪ್ರಶ್ನೆಗೆ ಉತ್ತರ ಸಿಕ್ಕರೆ ಉಳಿದವುಗಳಿಗೂ ಸಿಕ್ಕಂತೆ. ಬಳಸಿ ಬಿಟ್ಟ ವಸ್ತು ಮತ್ತೊಮ್ಮೆ ವಸ್ತುವಾಗಬೇಕಾದರೆ ಅದು ಒಂದೇ ಬಗೆಯದಾಗಿರಬೇಕು, ಚೊಕ್ಕಟವಾಗಿರಬೇಕು ಮತ್ತು ಸಾಗಣೆಯ ಖರ್ಚು ಹುಟ್ಟುವಷ್ಟು ಪ್ರಮಾಣದಲ್ಲಿ ಒಂದೆಡೆ ಸೇರಬೇಕು. ಇವುಗಳಲ್ಲಿ ಮೊದಲ ಎರಡು ತೀರ್ಮಾನವಾಗುವುದು ನಮ್ಮ ಅಡುಗೆಮನೆಯಲ್ಲಿ.

ತೊಳೆದು ಬಳಸುವುದು, ಕರಗಿಸಿ ಬಳಸುವುದು

ಮೊದಲು ಎರಡು ಮಾತುಗಳನ್ನು ಬೇರೆ ಮಾಡಿಕೊಳ್ಳೋಣ. ವಸ್ತುವಿನ ರೂಪ ಕೆಡದಂತೆ ಅದನ್ನೇ ಮತ್ತೆ ಬಳಸುವುದು ಮರುಬಳಕೆ. ಹಾರ್ಲಿಕ್ಸ್ ಬಾಟಲಿಯಲ್ಲಿ ಸಾರಿನ ಪುಡಿ ತುಂಬಿಡುವುದು, ಹಳೆಯ ಪಂಚೆಯನ್ನು ಹರಿದು ಒರೆಸುವ ಬಟ್ಟೆ ಮಾಡಿಕೊಳ್ಳುವುದು ಈ ಸಾಲಿನವು. ವಸ್ತುವನ್ನು ಪುಡಿಮಾಡಿ, ಕರಗಿಸಿ ಅಥವಾ ನೀರಿನಲ್ಲಿ ಕದಡಿ ಕಚ್ಚಾ ಮಾಲಿನ ಹಂತಕ್ಕೆ ಮರಳಿಸಿ, ಅದರಿಂದ ಬೇರೊಂದನ್ನು ತಯಾರಿಸುವುದು ಮರುಸಂಸ್ಕರಣೆ.

ಇವೆರಡರ ನಡುವಿನ ಅಂತರವನ್ನು ಬಿಯರ್ ಬಾಟಲಿ ಚೆನ್ನಾಗಿ ತೋರಿಸುತ್ತದೆ. ಗುಜರಿ ಅಂಗಡಿ ಸೇರಿದ ಬಿಯರ್ ಬಾಟಲಿಗಳಲ್ಲಿ ಬಹುಪಾಲು ಒಡೆಯದೆ ತಯಾರಕರ ಬಳಿಗೇ ಹಿಂತಿರುಗಿ, ಬಿಸಿ ಕ್ಷಾರದ ನೀರಿನಲ್ಲಿ ತೊಳೆಯಲ್ಪಟ್ಟು, ಮತ್ತೆ ತುಂಬಿಕೊಳ್ಳುತ್ತವೆ. ಅದೇ ಬಾಟಲಿ ಒಡೆದುಹೋದರೆ ಸುಮಾರು 1500 ಡಿಗ್ರಿ ಸೆಲ್ಸಿಯಸ್ ಉರಿಯುವ ಕುಲುಮೆಗೆ ಹೋಗಬೇಕು. ಎರಡೂ ದಾರಿಯಲ್ಲಿ ಕೊನೆಗೆ ಸಿಗುವುದು ಒಂದು ಬಾಟಲಿಯೇ, ಆದರೆ ತಗಲುವ ಇಂಧನದಲ್ಲಿ ಅಜಗಜಾಂತರವಿದೆ. ಮರುಬಳಕೆ ಸಾಧ್ಯವಿರುವವರೆಗೆ ಮರುಸಂಸ್ಕರಣೆಯ ಮಾತು ಬೇಡ ಎಂದು ತಿಳಿದವರು ಹೇಳುವುದು ಈ ಕಾರಣಕ್ಕಾಗಿಯೇ.

ಮರುಬಳಕೆಗೆ ಒಂದು ಮಿತಿ ಮಾತ್ರ ಕಟ್ಟುನಿಟ್ಟಾಗಿ ಇರಲಿ. ಗೋಡೆ ಬಣ್ಣದ ಡಬ್ಬಿ, ಕೀಟನಾಶಕದ ಬಾಟಲಿ, ಫಿನಾಯಿಲ್ ಕ್ಯಾನ್ ಇವುಗಳನ್ನು ಎಷ್ಟು ತೊಳೆದರೂ ನೀರಿಗೆ, ಧಾನ್ಯಕ್ಕೆ ಬಳಸಬಾರದು. ಪ್ಲಾಸ್ಟಿಕ್ಕಿನ ಮೈ ತಾನು ಹೊತ್ತಿದ್ದ ರಾಸಾಯನಿಕವನ್ನು ಒಳಗೆ ಹೀರಿಕೊಂಡಿರುತ್ತದೆ.

ಚೀಲ ಮನೆ ಬಿಟ್ಟ ಮೇಲೆ

ಬೆಂಗಳೂರಿನ ಕಸ ದಶಕಗಳ ಕಾಲ ಬೆರಕೆಯಾಗಿಯೇ ಊರ ಹೊರಗೆ ಹೋಗಿ ಬೀಳುತ್ತಿತ್ತು. ಮಾವಳ್ಳಿಪುರದ ಜನರ ಹೋರಾಟದಿಂದ 2012ರಲ್ಲಿ ಅಲ್ಲಿನ ಗುಂಡಿ ಮುಚ್ಚಿತು. ಮಂಡೂರಿನ ಜನ ಬೀದಿಗಿಳಿದ ಮೇಲೆ 2014ರ ಕೊನೆಗೆ ಅಲ್ಲಿಗೂ ಲಾರಿಗಳು ಹೋಗುವುದು ನಿಂತಿತು. ಆ ಊರುಗಳ ಬಾವಿ, ಕೆರೆ, ಗಾಳಿ ಕೆಟ್ಟದ್ದರ ಬೆಲೆಯನ್ನು ನಗರ ಇನ್ನೂ ಪೂರ್ತಿ ತೀರಿಸಿಲ್ಲ. ಇದೇ ಅವಧಿಯಲ್ಲಿ ಹೈಕೋರ್ಟ್ ಮನೆಯಲ್ಲೇ ಕಸ ಬೇರ್ಪಡಿಸುವುದನ್ನು ಕಡ್ಡಾಯ ಮಾಡಿತು. 2015ರ ಡಿಸೆಂಬರ್‌ನ ಆದೇಶದಿಂದ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿ ಬಂದಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಪ್ಯಾಡು, ಡೈಪರುಗಳಂಥ ನೈರ್ಮಲ್ಯದ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ.

ಚೀಲ ಮೊದಲು ಸೇರುವುದು ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರವನ್ನು. ಮೊದಲು ಬೀದಿಯಲ್ಲಿ ಚಿಂದಿ ಆಯುತ್ತಿದ್ದ ಅನೇಕರು ಈಗ ಇಂಥ ಕೇಂದ್ರಗಳನ್ನು ನಡೆಸುತ್ತಿದ್ದಾರೆ. ತ್ಯಾಜ್ಯ ಆಯುವವರ ನಡುವೆ ಕೆಲಸ ಮಾಡುವ ‘ಹಸಿರು ದಳ’ದಂಥ ಸಂಘಟನೆಗಳ ಶ್ರಮದಿಂದ ಅವರಲ್ಲಿ ಸಾವಿರಾರು ಜನರಿಗೆ ನಗರಪಾಲಿಕೆಯ ಗುರುತಿನ ಚೀಟಿಯೂ ಸಿಕ್ಕಿದೆ. ಕೇಂದ್ರದಲ್ಲಿ ನಡೆಯುವುದು ವಿಂಗಡಣೆ. ಒಂದು ಚೀಲದಿಂದ ಹತ್ತಿಪ್ಪತ್ತು ರಾಶಿಗಳು ಏಳುತ್ತವೆ: ಸುದ್ದಿಪತ್ರಿಕೆ, ರಟ್ಟು, ಪುಸ್ತಕದ ಕಾಗದ, ಬಿಳಿ ಬಾಟಲಿ, ಬಣ್ಣದ ಬಾಟಲಿ, ಹಾಲಿನ ಕವರ್, ಗಟ್ಟಿ ಪ್ಲಾಸ್ಟಿಕ್, ತಗಡು, ಅಲ್ಯೂಮಿನಿಯಂ, ಗಾಜು. ಕೈಯಲ್ಲಿ ಹಿಸುಕಿದಾಗ ಬರುವ ಸದ್ದಿನಿಂದ, ಬಾಗುವ ಬಗೆಯಿಂದ ಇದು ಯಾವ ಪ್ಲಾಸ್ಟಿಕ್ ಎಂದು ಕ್ಷಣದಲ್ಲಿ ಹೇಳಬಲ್ಲ ಹೆಂಗಸರು ಅಲ್ಲಿದ್ದಾರೆ. ಯಾವ ತರಬೇತಿಯ ಪ್ರಮಾಣಪತ್ರವೂ ಇಲ್ಲದ ಈ ಜ್ಞಾನದ ಮೇಲೆ ನಗರದ ಮರುಸಂಸ್ಕರಣೆಯೆಲ್ಲ ನಿಂತಿದೆ.

ಅಲ್ಲಿಂದ ಮುಂದೆ ಸಗಟು ವ್ಯಾಪಾರ. ಕೆ.ಆರ್. ಮಾರುಕಟ್ಟೆಯ ಬಳಿಯ ಜಾಲಿ ಮೊಹಲ್ಲಾದಲ್ಲಿ ಗುಜರಿಯ ಸಗಟು ಮಳಿಗೆಗಳಿವೆ. ಮೈಸೂರು ರಸ್ತೆಯ ನಾಯಂಡಹಳ್ಳಿ ಪ್ಲಾಸ್ಟಿಕ್ಕಿಗೆ ಹೆಸರಾದ ಜಾಗ. ಅಲ್ಲಿನ ಸಣ್ಣ ಘಟಕಗಳಲ್ಲಿ ಅದನ್ನು ಕತ್ತರಿಸಿ, ತೊಳೆದು, ಕರಗಿಸಿ ಕಾಳಿನಂಥ ಹರಳುಗಳನ್ನಾಗಿ ಮಾಡುತ್ತಾರೆ. ಬಕೆಟ್ಟು, ಮಗ್ಗು, ಪೈಪು ತಯಾರಿಸುವವರು ಕೊಳ್ಳುವುದು ಆ ಹರಳುಗಳನ್ನು. ಈ ಸರಪಳಿಯ ಪ್ರತಿ ಕೊಂಡಿಯಲ್ಲೂ ಯಾರಿಗಾದರೂ ನಾಲ್ಕು ಕಾಸು ಉಳಿಯಬೇಕು. ಎಲ್ಲಿ ಉಳಿಯುವುದಿಲ್ಲವೋ ಅಲ್ಲಿಗೆ ಆ ವಸ್ತುವಿನ ಪಯಣ ಮುಗಿಯಿತು.

ಪ್ಲಾಸ್ಟಿಕ್: ಒಂದು ಹೆಸರು, ಹಲವು ವಸ್ತು

ಬಾಟಲಿಯ ಅಡಿಯಲ್ಲಿ ಬಾಣಗಳ ತ್ರಿಕೋನವೂ ಅದರೊಳಗೆ ಒಂದು ಅಂಕಿಯೂ ಇರುತ್ತದೆ. ಇದನ್ನು ಕಂಡವರೆಲ್ಲ ‘ಇದು ಮರುಸಂಸ್ಕರಣೆಯಾಗುತ್ತದೆ’ ಎಂದು ನಂಬುತ್ತಾರೆ. ಅದು ತಪ್ಪು ತಿಳಿವಳಿಕೆ. ಬಾಣಗಳ ಚಿಹ್ನೆಯನ್ನು 1970ರಲ್ಲಿ ಗ್ಯಾರಿ ಆಂಡರ್ಸನ್ ಎಂಬ ಅಮೆರಿಕದ ವಿದ್ಯಾರ್ಥಿ ರಚಿಸಿದ್ದು ರಟ್ಟು ತಯಾರಿಸುವ ಕಂಪನಿಯೊಂದು ಏರ್ಪಡಿಸಿದ್ದ ಸ್ಪರ್ಧೆಗಾಗಿ. 1988ರಲ್ಲಿ ಅಲ್ಲಿನ ಪ್ಲಾಸ್ಟಿಕ್ ಉದ್ಯಮದ ಸಂಘ ಅದನ್ನು ಹೋಲುವ ತ್ರಿಕೋನದೊಳಗೆ 1ರಿಂದ 7ರವರೆಗಿನ ಅಂಕಿಗಳನ್ನು ಇರಿಸಿತು. ಅಂಕಿ ಹೇಳುವುದು ಇದು ಯಾವ ಬಗೆಯ ಪ್ಲಾಸ್ಟಿಕ್ ಎಂಬುದನ್ನಷ್ಟೇ. ಗೊಂದಲ ತಪ್ಪಿಸಲು 2013ರಲ್ಲಿ ಬಾಣಗಳನ್ನು ಕೈಬಿಟ್ಟು ಬರಿಯ ತ್ರಿಕೋನವನ್ನು ನಿಯಮ ಮಾಡಿದರೂ ಹಳೆಯ ಅಚ್ಚುಗಳು ಇನ್ನೂ ಬಳಕೆಯಲ್ಲಿವೆ.

ಅಂಕಿಗಳ ಪರಿಚಯವಿದ್ದರೆ ಒಳ್ಳೆಯದು. 1 ಎಂದರೆ ಪೆಟ್, ನೀರಿನ ಮತ್ತು ತಂಪು ಪಾನೀಯದ ಬಾಟಲಿ. 2 ಎಂದರೆ ಎಚ್‌ಡಿಪಿಇ, ಶಾಂಪೂ ಬಾಟಲಿ ಮತ್ತು ಎಣ್ಣೆಯ ಕ್ಯಾನ್. 3 ಪಿವಿಸಿ, ನಲ್ಲಿಯ ಪೈಪು. 4 ಎಲ್‌ಡಿಪಿಇ, ಹಾಲಿನ ಕವರ್. 5 ಪಾಲಿಪ್ರೊಪಿಲೀನ್, ಹೋಟೆಲಿನ ಪಾರ್ಸೆಲ್ ಡಬ್ಬಿ, ಬಾಟಲಿಯ ಮುಚ್ಚಳ. 6 ಪಾಲಿಸ್ಟೈರೀನ್, ಥರ್ಮಾಕೋಲ್ ಇದರ ಉಬ್ಬಿದ ರೂಪ. ಉಳಿದದ್ದೆಲ್ಲ 7. ನಮ್ಮಲ್ಲಿ 1, 2, 4, 5ಕ್ಕೆ ಕೊಳ್ಳುವವರಿದ್ದಾರೆ. 6 ಮತ್ತು 7 ಹೆಚ್ಚಾಗಿ ಮೂಲೆಗೆ ಬೀಳುತ್ತವೆ.

ಅಂಕಿಯೇ ಇಲ್ಲದ ಇನ್ನೊಂದು ಗುಂಪಿದೆ: ಕುಕ್ಕರಿನ ಕಪ್ಪು ಹಿಡಿ, ವಿದ್ಯುತ್ ಸ್ವಿಚ್ಚು, ಮೆಲಮೈನ್ ತಟ್ಟೆ. ಇವು ಕರಗುವುದೇ ಇಲ್ಲ. ಬೆಲ್ಲವನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಅಚ್ಚಿಗೆ ಹೊಯ್ಯಬಹುದು, ಬೆಂದ ರೊಟ್ಟಿಯನ್ನು ಮತ್ತೆ ಹಿಟ್ಟು ಮಾಡಲಾಗದು. ನೀರಿನ ಬಾಟಲಿ ಬೆಲ್ಲದ ಜಾತಿ, ಕುಕ್ಕರಿನ ಹಿಡಿ ರೊಟ್ಟಿಯ ಜಾತಿ.

ಬಗೆಬಗೆಯ ಪ್ಲಾಸ್ಟಿಕ್ಕನ್ನು ಒಟ್ಟಿಗೆ ಕರಗಿಸಿದರೆ ಏನಾಗುತ್ತದೆ? ಪಾಲಿಪ್ರೊಪಿಲೀನ್ ಸುಮಾರು 165 ಡಿಗ್ರಿಯಲ್ಲಿ ಕರಗುತ್ತದೆ, ಪೆಟ್ ಕರಗಲು 250 ಡಿಗ್ರಿ ದಾಟಬೇಕು. ಇನ್ನು ಪಿವಿಸಿ ಆ ಬಿಸಿಗೆ ಒಡೆದು ಹೈಡ್ರೋಕ್ಲೋರಿಕ್ ಆಮ್ಲದ ಅನಿಲವನ್ನು ಉಗುಳುತ್ತದೆ. ಪೆಟ್ ರಾಶಿಯೊಳಗೆ ಅದರ ಸಣ್ಣ ಪಾಲು ಸೇರಿದರೂ ಇಡೀ ಮಾಲು ಹಳದಿಗಟ್ಟಿ ಬಲ ಕಳೆದುಕೊಳ್ಳುತ್ತದೆ. ಕರಗಿದ ಮೇಲೂ ಈ ಬಗೆಗಳು ಒಂದರೊಡನೊಂದು ಬೆರೆಯುವುದಿಲ್ಲ. ತಯಾರಾದ ವಸ್ತು ಬೆರಳಿಗೆ ಮುರಿಯುವಂತಾಗುತ್ತದೆ.

ಬೇರ್ಪಡಿಸಲು ಘಟಕಗಳು ಬಳಸುವ ಉಪಾಯ ಸರಳವಾಗಿದೆ. ಕತ್ತರಿಸಿದ ಚೂರುಗಳನ್ನು ನೀರಿನ ತೊಟ್ಟಿಗೆ ಸುರಿಯುತ್ತಾರೆ. ಪೆಟ್ ನೀರಿಗಿಂತ ಭಾರ, ಮುಳುಗುತ್ತದೆ; ಮುಚ್ಚಳದ ಚೂರುಗಳು ಹಗುರ, ತೇಲುತ್ತವೆ. ಹಾಗಾಗಿ ಬಾಟಲಿಯನ್ನು ಮುಚ್ಚಳ ಸಮೇತ ಕೊಟ್ಟರೆ ತೊಂದರೆಯೇನೂ ಇಲ್ಲ. ಒಳಗೆ ನೀರೋ ಪಾನೀಯವೋ ಉಳಿಯದಿದ್ದರೆ ಸಾಕು. ತೊಳೆದ ಪೆಟ್ ಚೂರುಗಳು ಹೆಚ್ಚಾಗಿ ಪಾಲಿಯೆಸ್ಟರ್ ನೂಲಾಗಿ ಮುಂದೆ ದಿಂಬಿನ ತುಂಬುವಿಕೆಯೋ ಟೀ ಶರ್ಟೋ ಆಗುತ್ತವೆ. ಬಣ್ಣವಿಲ್ಲದ ಬಾಟಲಿಗೆ ಹೆಚ್ಚು ಬೆಲೆ, ಏಕೆಂದರೆ ಅದಕ್ಕೆ ಯಾವ ಬಣ್ಣವನ್ನಾದರೂ ಕೊಡಬಹುದು. ಹಸಿರು ಬಾಟಲಿಯ ಹಸಿರನ್ನು ತೆಗೆಯಲಾಗದು. ಎಲ್ಲ ಬಣ್ಣ ಬೆರೆತ ಮಾಲಿಗೆ ಉಳಿಯುವ ದಾರಿ ಕಪ್ಪು. ತೋಟಕ್ಕೆ ಎಳೆಯುವ ಕಪ್ಪು ಪೈಪುಗಳ ಹಿಂದೆ ಈ ಕಾರಣವೂ ಇದೆ. ಪ್ರತಿ ಸಲ ಕರಗಿಸಿದಾಗಲೂ ಪ್ಲಾಸ್ಟಿಕ್ಕಿನ ಉದ್ದನೆಯ ಅಣುಗಳು ಸ್ವಲ್ಪ ತುಂಡಾಗುತ್ತವೆ, ಗುಣಮಟ್ಟ ಕೆಳಗಿಳಿಯುತ್ತದೆ. 1950ರಿಂದ 2015ರವರೆಗೆ ಜಗತ್ತಿನಲ್ಲಿ ಕಸವಾದ ಪ್ಲಾಸ್ಟಿಕ್ಕಿನಲ್ಲಿ ಮರುಸಂಸ್ಕರಣೆ ಕಂಡದ್ದು ಶೇ 9ರಷ್ಟು ಮಾತ್ರ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನ ಅಂದಾಜಿಸಿತು. ಆ ಅಂಕಿ ಅಷ್ಟು ಸಣ್ಣದಾಗಿರುವುದಕ್ಕೆ ಕಾರಣಗಳು ಇವೇ.

ಹಾಲಿನ ಕವರ್ ಮತ್ತು ಅದರ ಮೂಲೆ

ಹಾಲಿನ ಕವರ್ ಕರ್ನಾಟಕದ ಹೆಚ್ಚಿನ ಮನೆಗಳಿಗೆ ದಿನವೂ ಬರುವ ಪ್ಲಾಸ್ಟಿಕ್. ಗುಜರಿಯಲ್ಲಿ ಇದಕ್ಕೆ ಒಳ್ಳೆಯ ಬೇಡಿಕೆಯಿದೆ, ಏಕೆಂದರೆ ಒಂದೇ ಬಗೆಯ ಪ್ಲಾಸ್ಟಿಕ್, ದಪ್ಪ ಹಾಳೆ, ಎಲ್ಲ ಮನೆಯಿಂದಲೂ ಒಂದೇ ರೂಪದಲ್ಲಿ ಬರುತ್ತದೆ. ಅದನ್ನು ಕೆಡಿಸುವವು ಎರಡು. ಒಳಗೆ ಉಳಿದ ಹಾಲು ಹುಳಿತು ನಾರುತ್ತದೆ, ಪಕ್ಕದ ಕಾಗದಕ್ಕೂ ಅಂಟುತ್ತದೆ. ಪಾತ್ರೆ ತೊಳೆದು ಉಳಿದ ನೀರಿನಲ್ಲೇ ಒಮ್ಮೆ ಜಾಲಿಸಿ, ತಂತಿಗೆ ಸಿಕ್ಕಿಸಿ ಒಣಗಿಸಿದರೆ ಆಯಿತು; ಇದಕ್ಕಾಗಿ ನಲ್ಲಿ ಬಿಡಬೇಕಿಲ್ಲ.

ಎರಡನೆಯದು ನಾವು ಕತ್ತರಿಸಿ ಎಸೆಯುವ ಮೂಲೆ. ಬೆರಳುಗುರಿನಷ್ಟಿರುವ ಆ ಚೂರು ತರಕಾರಿ ಸಿಪ್ಪೆಯ ಜೊತೆ ಹಸಿ ಕಸಕ್ಕೆ ಬೀಳುತ್ತದೆ. ಯಾವ ಕೈಯೂ ಅದನ್ನು ಆರಿಸಲಾರದು. ಗೊಬ್ಬರದ ಜೊತೆ ಹೊಲ ಸೇರಿ ಅಲ್ಲಿಯೇ ಉಳಿಯುತ್ತದೆ. ಮೂಲೆಯನ್ನು ಪೂರ್ತಿ ಕತ್ತರಿಸದೆ ಕವರಿಗೆ ಅಂಟಿಕೊಂಡಿರುವಂತೆ ಬಿಟ್ಟರೆ ಈ ತೊಂದರೆ ಹುಟ್ಟುವುದೇ ಇಲ್ಲ. ಒಣ ಕಸದ ವಿಷಯದಲ್ಲಿ ಇಷ್ಟು ಕಡಿಮೆ ಶ್ರಮಕ್ಕೆ ಇಷ್ಟು ಫಲ ಕೊಡುವ ಅಭ್ಯಾಸ ಬೇರೊಂದು ನನಗೆ ತೋರುವುದಿಲ್ಲ.

ಚಿಪ್ಸ್ ಪೊಟ್ಟಣ ಏಕೆ ಬೇಡ?

ಚಿಪ್ಸ್, ಬಿಸ್ಕತ್ತು, ಶಾಂಪೂ ಸ್ಯಾಶೆಗಳ ಹೊದಿಕೆ ನೋಡಲು ಒಂದೇ ಹಾಳೆ. ವಾಸ್ತವದಲ್ಲಿ ಅದರಲ್ಲಿ ಹಲವು ಪದರಗಳಿವೆ. ಹೊರಗಿನದು ಮುದ್ರಣಕ್ಕೆ, ನಡುವಿನ ಅಲ್ಯೂಮಿನಿಯಂ ಲೇಪ ಗಾಳಿ ಮತ್ತು ಬೆಳಕನ್ನು ತಡೆಯಲು, ಒಳಗಿನದು ಬಿಸಿಯಿಂದ ಮುಚ್ಚಿ ಅಂಟಿಸಲು. ತಿಂಡಿ ತಿಂಗಳುಗಟ್ಟಲೆ ಗರಿಗರಿಯಾಗಿರಲು ಈ ಜೋಡಣೆ ಬೇಕು. ಆದರೆ ಕೂದಲಿಗಿಂತ ತೆಳುವಾದ ಆ ಪದರಗಳನ್ನು ಬಿಡಿಸಲು ತಗಲುವ ವೆಚ್ಚ, ಬಿಡಿಸಿದ ಮೇಲೆ ಸಿಗುವ ಮಾಲಿನ ಬೆಲೆಯನ್ನು ಮೀರುತ್ತದೆ. ಪೊಟ್ಟಣದ ತೂಕವೋ ಒಂದೆರಡು ಗ್ರಾಂ. ಒಂದು ಕಿಲೋ ಆಗಲು ನೂರಾರು ಪೊಟ್ಟಣ ಆಯಬೇಕು. ಕೊಳ್ಳುವವರಿಲ್ಲದಿರುವುದು ಈ ಲೆಕ್ಕದಿಂದ.

ಹಾಗಾದರೆ ಚೀಲದಲ್ಲಿ ಹೋದ ಪೊಟ್ಟಣಗಳು ಏನಾಗುತ್ತವೆ? ಒಂದು ಪಾಲನ್ನು ಸಿಮೆಂಟ್ ಕಾರ್ಖಾನೆಗಳಿಗೆ ಕಳುಹಿಸಲಾಗುತ್ತದೆ. ಅಲ್ಲಿನ ಗೂಡಿನಲ್ಲಿ ಕಲ್ಲಿದ್ದಲಿನ ಬದಲು ಅದನ್ನು ಉರಿಸುತ್ತಾರೆ. ಇದು ಸುಡುವಿಕೆಯೇ ಹೊರತು ಮರುಸಂಸ್ಕರಣೆಯಲ್ಲ. ಆದರೂ ಆ ಗೂಡಿನ ಒಳಗಿನ ಬಿಸಿ 1400 ಡಿಗ್ರಿಯನ್ನು ದಾಟುವುದರಿಂದ, ಬೀದಿ ಬದಿಯಲ್ಲಿ ಬೆಂಕಿ ಹಚ್ಚಿದಾಗ ಹೊರಡುವ ವಿಷಕ್ಕಿಂತ ಎಷ್ಟೋ ಮೇಲು. ಇನ್ನೊಂದು ಬಳಕೆ ರಸ್ತೆಗೆ. ಮಧುರೈನ ರಸಾಯನಶಾಸ್ತ್ರದ ಪ್ರಾಧ್ಯಾಪಕ ರಾಜಗೋಪಾಲನ್ ವಾಸುದೇವನ್ ಅವರು, ಬಿಸಿ ಜಲ್ಲಿಯ ಮೇಲೆ ಪ್ಲಾಸ್ಟಿಕ್ ಚೂರು ಉದುರಿಸಿ ಆಮೇಲೆ ಡಾಂಬರು ಬೆರೆಸುವ ವಿಧಾನವನ್ನು ರೂಪಿಸಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಬೆಂಗಳೂರಿನಲ್ಲಿಯೂ ಇಂಥ ರಸ್ತೆಗಳಾಗಿವೆ.

ಪೊಟ್ಟಣದ ಹೊಣೆ ತಿನ್ನುವವರೊಬ್ಬರದೇ ಅಲ್ಲ. 2022ರ ಫೆಬ್ರುವರಿಯಲ್ಲಿ ಬಂದ ಕೇಂದ್ರದ ಮಾರ್ಗಸೂಚಿಯಂತೆ, ಪ್ಲಾಸ್ಟಿಕ್ ಹೊದಿಕೆಯಲ್ಲಿ ಮಾಲು ಮಾರುವ ಕಂಪನಿಗಳು ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ಕಿಗೆ ತಕ್ಕ ಪ್ರಮಾಣವನ್ನು ಸಂಗ್ರಹಿಸಿ ವಿಲೇವಾರಿ ಮಾಡಿಸಬೇಕು. ಇದನ್ನು ಉತ್ಪಾದಕರ ವಿಸ್ತರಿತ ಹೊಣೆಗಾರಿಕೆ ಎನ್ನುತ್ತಾರೆ. ಬೆಲೆಯಿಲ್ಲದ ಪೊಟ್ಟಣವನ್ನು ಆಯಲು ಯಾರಾದರೂ ದುಡ್ಡು ಕೊಡಬೇಕಲ್ಲ, ಆ ದುಡ್ಡು ಅದನ್ನು ಮಾರಿ ಲಾಭ ಪಡೆದವರಿಂದ ಬರಲಿ ಎಂಬುದು ಇದರ ಹುರುಳು.

ಬಟ್ಟೆಯಂತೆ ಕಾಣುವ ಕೈಚೀಲಗಳ ಬಗ್ಗೆಯೂ ಎಚ್ಚರ ಬೇಕು. ಜವಳಿ ಅಂಗಡಿಯವರು ಕೊಡುವ, ನೇಯ್ಗೆಯಿಲ್ಲದ ಆ ಚೀಲಗಳು ಪಾಲಿಪ್ರೊಪಿಲೀನ್ ಎಳೆಗಳವು. ‘ಗೊಬ್ಬರವಾಗುವ’ ಎಂದು ಬರೆದ ಹಸಿರು ಕವರುಗಳು ಬೇರೆಯೇ ಜಾತಿ. ದೊಡ್ಡ ಗೊಬ್ಬರ ಘಟಕದಲ್ಲಿ 60 ಡಿಗ್ರಿಯ ಆಸುಪಾಸಿನ ಬಿಸಿ ವಾರಗಟ್ಟಲೆ ಸಿಕ್ಕರೆ ಮಾತ್ರ ಅವು ಕೊಳೆತು ಗೊಬ್ಬರವಾಗುತ್ತವೆ, ಹಿತ್ತಿಲ ಗುಂಡಿಯಲ್ಲಿ ಆ ಬಿಸಿ ಏರುವುದು ಅಪರೂಪ. ಹಾಲಿನ ಕವರುಗಳ ರಾಶಿಗೆ ಸೇರಿದರಂತೂ ಅದನ್ನೂ ಕೆಡಿಸುತ್ತವೆ.

ಕಾಗದ

ಕಾಗದದ ಜೀವ ಅದರ ನಾರಿನಲ್ಲಿದೆ. ಗಿರಣಿಯಲ್ಲಿ ರದ್ದಿ ಕಾಗದವನ್ನು ದೊಡ್ಡ ತೊಟ್ಟಿಯಲ್ಲಿ ನೀರಿನೊಡನೆ ಕಡೆದು ತಿರುಳು ಮಾಡುತ್ತಾರೆ. ಪಿನ್ನು, ಅಂಟುಪಟ್ಟಿಗಳನ್ನು ಜರಡಿ ಹಿಡಿಯುತ್ತದೆ, ಅವುಗಳಿಗಾಗಿ ನಾವು ಪಾಡುಪಡಬೇಕಿಲ್ಲ. ಎಣ್ಣೆಯನ್ನು ಮಾತ್ರ ಯಾವ ಜರಡಿಯೂ ಹಿಡಿಯದು. ಬೋಂಡಾ ಕಟ್ಟಿದ ಕಾಗದ, ಪಿಜ್ಜಾ ಡಬ್ಬಿಯ ಎಣ್ಣೆ ಹೀರಿದ ತಳ ತಿರುಳಿನಲ್ಲಿ ಜಿಡ್ಡಾಗಿ ಉಳಿದು ಹೊಸ ಹಾಳೆಯಲ್ಲಿ ಕಲೆ ಎಬ್ಬಿಸುತ್ತವೆ. ಡಬ್ಬಿಯ ಮೇಲ್ಭಾಗ ಒಣಗಿದ್ದರೆ ಹರಿದು ಒಣ ಕಸಕ್ಕೆ ಹಾಕಿ, ತಳವನ್ನು ಗೊಬ್ಬರಕ್ಕೆ ಕಳಿಸಿ.

ಪ್ರತಿ ಸುತ್ತಿನಲ್ಲೂ ನಾರು ಗಿಡ್ಡವಾಗುತ್ತದೆ. ಐದರಿಂದ ಏಳು ಸುತ್ತಿನ ಹೊತ್ತಿಗೆ ಅದು ಹಾಳೆಯನ್ನು ಹಿಡಿದಿಡಲಾರದಷ್ಟು ಸಣ್ಣದಾಗುತ್ತದೆ. ನೋಟ್‌ಬುಕ್ಕಿನ ಹಾಳೆ ರಟ್ಟಾಗಬಹುದು, ರಟ್ಟು ಮೊಟ್ಟೆಯ ಟ್ರೇ ಆಗಬಹುದು. ಹಿಂದಕ್ಕೆ ನಡೆಯಬೇಕಾದರೆ ಹೊಸ ನಾರು ಬೆರೆಸಬೇಕು. ಚಹಾದ ಕಾಗದದ ಲೋಟದ ಒಳಮೈಗೆ ಪ್ಲಾಸ್ಟಿಕ್ ಲೇಪವಿರುವುದರಿಂದ ಅದು ರದ್ದಿಯ ರಾಶಿಗೆ ಸಲ್ಲದು. ಹಣ್ಣಿನ ರಸದ ಡಬ್ಬಿಯಲ್ಲಿ ಮುಕ್ಕಾಲು ಪಾಲು ರಟ್ಟು, ಉಳಿದದ್ದು ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ. ಅದಕ್ಕೆ ಬೇರೆಯೇ ಗಿರಣಿ ಬೇಕು. ಎಟಿಎಂ ಮತ್ತು ಅಂಗಡಿಯ ಬಿಲ್ಲಿನ ನುಣುಪು ಚೀಟಿಗಳಿಗೆ ರಾಸಾಯನಿಕ ಲೇಪವಿರುತ್ತದೆ, ಅವುಗಳನ್ನೂ ರದ್ದಿಯಿಂದ ಹೊರಗಿಡಬೇಕು.

ಗಾಜು, ಲೋಹ

ಇವೆರಡಕ್ಕೆ ಮುಪ್ಪಿಲ್ಲ. ಎಷ್ಟು ಸಲ ಕರಗಿಸಿದರೂ ಗುಣ ಇಳಿಯದು. ಹಳೆಯ ಅಲ್ಯೂಮಿನಿಯಂ ಕರಗಿಸಲು, ಬಾಕ್ಸೈಟ್ ಅದಿರಿನಿಂದ ಹೊಸದಾಗಿ ತೆಗೆಯಲು ಬೇಕಾಗುವ ಶಕ್ತಿಯಲ್ಲಿ ಶೇ 5ರಷ್ಟು ಸಾಕು. ಕಬ್ಬಿಣವನ್ನು ಅಯಸ್ಕಾಂತವೇ ಆರಿಸಿಕೊಡುತ್ತದೆ. ತಾಮ್ರಕ್ಕಾಗಿ ವಿದ್ಯುತ್ ತಂತಿಗೆ ಬೆಂಕಿ ಹಚ್ಚುವುದು ಮಾತ್ರ ಘೋರ. ಪಿವಿಸಿ ಹೊದಿಕೆ ಉರಿದಾಗ ಡಯಾಕ್ಸಿನ್ ಎಂಬ ವಿಷ ಹುಟ್ಟುತ್ತದೆ.

ಗಾಜಿನಲ್ಲಿಯೂ ಜಾತಿಗಳಿವೆ. ಬಾಟಲಿಯ ಗಾಜಿನ ಜೊತೆ ಪಿಂಗಾಣಿ ಕಪ್ಪಿನ ಚೂರು ಕುಲುಮೆಗೆ ಹೋದರೆ ಅದು ಕರಗದೆ ಕಲ್ಲಿನಂತೆ ಉಳಿದು, ಹೊಸ ಬಾಟಲಿ ಅಲ್ಲಿಂದಲೇ ಸೀಳುತ್ತದೆ. ಓವನ್ನಿಗೆ ಇಡುವ ಗಾಜಿನ ಬಟ್ಟಲೂ ಬಾಟಲಿಯೊಡನೆ ಸೇರದು.

ಹಳೆಯ ಬಟ್ಟೆ

ಬಟ್ಟೆಯ ಮರುಬಳಕೆಯಲ್ಲಿ ನಮ್ಮ ನಾಡು ಯಾರಿಂದಲೂ ಕಲಿಯಬೇಕಾಗಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ ಹೊಲಿದ ಕೌದಿ ಇದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿ ಹೆಂಗಸರು ಬಣ್ಣದ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿಗಳು ಇಂದು ವಿದೇಶಗಳ ಪ್ರದರ್ಶನಗಳವರೆಗೂ ಹೋಗಿವೆ. ಹಳೆಯ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವ ಹೆಂಗಸರು ಒಯ್ದದ್ದು ಸಂತೆಯಲ್ಲಿ ಮತ್ತೆ ಮಾರಾಟವಾಗುತ್ತದೆ. ತೀರ ಹರಿದ ಹತ್ತಿ ಬಟ್ಟೆ ಗ್ಯಾರೇಜುಗಳಲ್ಲಿ ಎಣ್ಣೆ ಒರೆಸಲು ಹೋಗುತ್ತದೆ, ಉಣ್ಣೆಯದು ಹರಿಯಾಣದ ಪಾಣಿಪತ್ತಿಗೆ ಹೋಗಿ ನೂಲಾಗಿ ಕಂಬಳಿಯಾಗುತ್ತದೆ. ಕಷ್ಟವಿರುವುದು ಹತ್ತಿ ಮತ್ತು ಪಾಲಿಯೆಸ್ಟರ್ ಬೆರೆತ ಇಂದಿನ ಬಟ್ಟೆಗಳಲ್ಲಿ. ಎರಡು ಬಗೆಯ ಎಳೆಗಳನ್ನು ಬಿಡಿಸುವುದು ಚಿಪ್ಸ್ ಪೊಟ್ಟಣದ ಪದರಗಳಷ್ಟೇ ದುಬಾರಿ.

ಒಣ ಕಸದ ಚೀಲಕ್ಕೆ ಹಾಕಬಾರದವು

ಈ ಚೀಲವನ್ನು ಮುಂದೆ ಒಬ್ಬರು ಬರಿಗೈಯಲ್ಲಿ ಬಿಚ್ಚುವ ಸಾಧ್ಯತೆಯೇ ಹೆಚ್ಚು. ಸ್ಯಾನಿಟರಿ ಪ್ಯಾಡು, ಡೈಪರುಗಳನ್ನು ಸುದ್ದಿಪತ್ರಿಕೆಯಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆಯಾಗಿ ಕೊಡಬೇಕು. ಒಡೆದ ಗಾಜು, ಬ್ಲೇಡು, ಸೂಜಿಗಳನ್ನು ದಪ್ಪ ಕಾಗದದಲ್ಲಿ ಸುತ್ತಿಯೋ ಡಬ್ಬಿಯಲ್ಲಿ ಮುಚ್ಚಿಯೋ ಕೊಟ್ಟು, ಒಳಗೇನಿದೆ ಎಂದು ಬಾಯಿಬಿಟ್ಟು ಹೇಳಬೇಕು. ಟ್ಯೂಬ್‌ಲೈಟಿನಲ್ಲಿ ಪಾದರಸವಿರುತ್ತದೆ, ಒಡೆಯದಂತೆ ಇಡಿ.

ಹಳೆಯ ಮೊಬೈಲ್, ಚಾರ್ಜರ್, ಬ್ಯಾಟರಿಗಳು ಇ-ತ್ಯಾಜ್ಯ. ಇವುಗಳನ್ನು ಕಳಚಲು ಪರವಾನಗಿ ಪಡೆದ ಘಟಕಗಳಿವೆ. ಬೆಂಗಳೂರಿನ ಹೊರಗೆ ದಾಬಸ್‌ಪೇಟೆಯಲ್ಲಿರುವ ಇ-ಪರಿಸರ ಅಂಥದ್ದೊಂದು. ಲಿಥಿಯಂ ಬ್ಯಾಟರಿ ಕಸದ ಲಾರಿಯೊಳಗೆ ಒತ್ತಿ ಸೀಳಿದರೆ ಅಲ್ಲಿಯೇ ಹೊತ್ತಿಕೊಳ್ಳುತ್ತದೆ, ಸುತ್ತ ಇರುವುದೆಲ್ಲ ಕಾಗದ ಮತ್ತು ಪ್ಲಾಸ್ಟಿಕ್. ಬ್ಯಾಟರಿಯ ಎರಡೂ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಮನೆಯಲ್ಲಿ ಒಂದು ಡಬ್ಬಿಯಲ್ಲಿ ಕೂಡಿಡುತ್ತ ಹೋಗಿ, ತುಂಬಿದಾಗ ಇ-ತ್ಯಾಜ್ಯ ಸಂಗ್ರಹಿಸುವವರ ಕೈಗೇ ಕೊಡಬೇಕು.